ಗುಬ್ಬಕ್ಕನಿಗೊಂದು ಕಾಳಿನ ಬಟ್ಟಲು

ಬೇಸಿಗೆ ರಜ ಬಂತೆಂದರೆ ಶಿಡ್ಲಘಟ್ಟದ ನಮ್ಮ ಮನೆಗೆ ಚಿಂತಾಮಣಿಯಿಂದ ತಂಗಿಯ ಮಕ್ಕಳಿಬ್ಬರು ಬಂದಿಳಿಯುತ್ತಾರೆ. ಎರಡು ವರ್ಷದ ಹಿಂದಿನ ಮಾತು ಇದು. ಆಗ ಹುಡುಗಿಗೆ ಆರು ತುಂಬಿ ಏಳು, ಹುಡುಗನಿಗೆ ಇನ್ನೂ ನಾಲ್ಕು. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಪುಟ್ಟಿ, ಮರಿ ಎಂದೇ.

ಒಂದು ಸಂಜೆ ನಮ್ಮತ್ತೆ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಸರನ್ನ ತಿನ್ನಿಸುತ್ತಾ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದರು. ನೀವೂ ಹೇಳಿರುತ್ತೀರಿ, ಹೇಳಿಸಿಕೊಂಡೇ ಬೆಳೆದಿರುತ್ತೀರಿ. ಕಥೆ ಅರ್ಧಕ್ಕೆ ಬಂದಾಗ ಹುಡುಗ ಬಾಯಿ ಮುಚ್ಚಿಕೊಂಡು ಕೇಳಿತು, “ಅಜ್ಜೀ, ಕಾಗಕ್ಕ ಅಲ್ಲಿ ಕಾಂಪೌಂಡ್ ಮೇಲೆ ಕೂತೈತೆ. ಗುಬ್ಬಕ್ಕ ಎಲ್ಲಿ?”

ಅತ್ತೆ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ನಾನು ತಾರಸಿಯ ಕಡೆ ನೋಡಿದೆ. ಉತ್ತರ ಇಬ್ಬರಲ್ಲೂ ಇರಲಿಲ್ಲ.

ಹಳೆಯ ಮನೆ ತಾನಾಗಿ ಸಾಕುತ್ತಿತ್ತು

ನಮ್ಮ ಹಳೆಯ ಮನೆ ನಾಡಹಂಚಿನದು. ತೊಲೆ, ಜಂತೆಗಳ ಸಂದಿಯಲ್ಲಿ, ದೇವರ ಪಟಗಳ ಹಿಂದೆ, ಕೊನೆಗೆ ವಿದ್ಯುತ್ ಮೀಟರಿನ ಹಲಗೆಯ ಮೇಲೂ ಗುಬ್ಬಿ ಗೂಡು. ಬೆಳಗಾಗೆದ್ದರೆ ಅವುಗಳ ಗಲಾಟೆ, ನೆಲದ ಮೇಲೆ ಹುಲ್ಲುಕಡ್ಡಿ. ನಾನೇ ಎಷ್ಟು ಸಲ ಪೊರಕೆ ಹಿಡಿದು ಬೈದಿಲ್ಲ! ಆಮೇಲೆ ಆ ಮನೆ ಕೆಡವಿ ಆರ್‌ಸಿಸಿ ತಾರಸಿ ಹಾಕಿಸಿದೆವು. ನುಣ್ಣನೆಯ ಗೋಡೆ, ಗಾಜಿನ ಕಿಟಕಿ, ಅದಕ್ಕೆ ಸೊಳ್ಳೆಪರದೆ. ನಮಗೇನೋ ಅನುಕೂಲವೇ ಆಯಿತು. ಗುಬ್ಬಿಗೆ ಒಂದು ಕಡ್ಡಿ ಸಿಕ್ಕಿಸಲೂ ಜಾಗ ಉಳಿಯಲಿಲ್ಲ.

ಗೂಡಿನ ಕಥೆ ಹಾಗಾಯಿತು. ಊಟದ ಕಥೆಯೂ ಅದೇ. ಗೌರಿಬಿದನೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮತ್ತೆ ಹೇಳುವ ಪ್ರಕಾರ, ಆಗ ಯಾರೂ ಹಕ್ಕಿಗೆಂದು ಬೇರೆ ಕಾಳು ಹಾಕುತ್ತಿರಲಿಲ್ಲವಂತೆ. ಅಂಗಳದಲ್ಲಿ ಕುಳಿತು ಮೊರದಲ್ಲಿ ರಾಗಿ ಕೇರುವಾಗ ಹಾರಿದ್ದು, ಅಕ್ಕಿ ಆರಿಸುವಾಗ ಎಸೆದ ನುಚ್ಚು, ಕಣದಲ್ಲಿ ಉಳಿದ ತೆನೆ – ಇದೇ ಅವುಗಳ ಪಾಲು. ಸುಗ್ಗಿಯಲ್ಲಿ ಒಂದು ಹಿಡಿ ತೆನೆ ಕಟ್ಟಿ ಬಾಗಿಲ ಮುಂದಿನ ಗಳಕ್ಕೆ ತೂಗುಬಿಡುವುದೂ ಇತ್ತು. “ಪಿಚ್ಚುಕಗಳಿಗೂ ಒಂದು ಪಾಲು ಇರಲಿ ಬಿಡೇ” ಎನ್ನುತ್ತಿದ್ದರಂತೆ ಅವರ ಅಜ್ಜಿ. ನಮ್ಮ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗೂ ಮನೆಮಾತು, ಗುಬ್ಬಿಗೆ ಅಲ್ಲಿ ಪಿಚ್ಚುಕ.

ಈಗ ನಮ್ಮ ಮನೆಗೆ ಅಕ್ಕಿ ಬರುವುದು ಕಲ್ಲು, ನುಚ್ಚು ಒಂದೂ ಇಲ್ಲದೆ ಚೀಲದಲ್ಲಿ. ರಾಗಿ ನೇರ ಗಿರಣಿಗೆ ಹೋಗುತ್ತದೆ. ಮೊರ ಹಬ್ಬಕ್ಕೆ ಮಾತ್ರ ಕೆಳಗಿಳಿಯುತ್ತದೆ. ಹಾಗಾದರೆ ಅಂಗಳಕ್ಕೆ ಗುಬ್ಬಿ ಏನು ತಿನ್ನಲು ಬಂದೀತು, ನೀವೇ ಹೇಳಿ!

ಮೊಬೈಲ್ ಟವರುಗಳಿಂದಲೇ ಗುಬ್ಬಿ ನಾಶವಾಯಿತೆಂದು ಜನ ಹೇಳುವುದುಂಟು. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲವೆಂದು ತಿಳಿದವರು ಹೇಳುತ್ತಾರೆ. 2020ರಲ್ಲಿ ಹೊರಬಂದ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿಯಲ್ಲಿ, ದೊಡ್ಡ ನಗರಗಳಲ್ಲಿ ಗುಬ್ಬಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಅದರ ಸಂಖ್ಯೆ ಹೆಚ್ಚು ಕಡಿಮೆ ಹಾಗೇ ಉಳಿದಿದೆ ಎಂದಿದೆ. ಅಂದರೆ ಗುಬ್ಬಿ ಸತ್ತು ಹೋಗಿಲ್ಲ, ನಮ್ಮ ಮನೆ ಬಿಟ್ಟು ಹೋಗಿದೆ ಅಷ್ಟೆ. ಕರೆದರೆ ಬಂದೀತು ಎಂದಾಯಿತಲ್ಲ! ಮಕ್ಕಳನ್ನು ಕರೆದು, “ಬನ್ನಿ, ಗುಬ್ಬಕ್ಕನಿಗೆ ಒಂದು ಬಟ್ಟಲು ಮಾಡೋಣ” ಎಂದೆ.

ತೆಂಗಿನ ಚಿಪ್ಪಿನ ಬಟ್ಟಲು

ಬೇಕಾಗುವ ಸಾಮಾನು: ಅರ್ಧ ತೆಂಗಿನ ಚಿಪ್ಪು ಒಂದು, ಹತ್ತಿಯ ಇಲ್ಲವೇ ಸೆಣಬಿನ ದಾರ ಮೂರು ಮೊಳ, ಒಂದು ದಪ್ಪ ಮೊಳೆ, ಉಪ್ಪುಕಾಗದದ ಚೂರು.

ಮಾಡುವ ವಿಧಾನ: ಚಿಪ್ಪಿನ ಒಳಗೆ ಅಂಟಿದ ಕಾಯನ್ನೆಲ್ಲ ಕೆರೆದು ತೆಗೆಯಿರಿ. ಉಳಿದರೆ ಕಮಟು ವಾಸನೆ ಬಂದು ಇರುವೆ ಮುತ್ತುತ್ತದೆ. ಹೊರಗಿನ ನಾರನ್ನು ಉಪ್ಪುಕಾಗದದಿಂದ ಉಜ್ಜುವ ಕೆಲಸವನ್ನು ಮಕ್ಕಳಿಗೇ ಬಿಡಿ, ಒಂದು ಗಂಟೆ ಮನೆ ನಿಶ್ಶಬ್ದವಾಗಿರುತ್ತದೆ! ಅಂಚಿನಿಂದ ಅರ್ಧ ಅಂಗುಲ ಕೆಳಗೆ ಸಮ ಅಂತರದಲ್ಲಿ ಮೂರು ತೂತು, ತಳದಲ್ಲಿ ನೀರು ಇಳಿಯಲು ಎರಡು ಸಣ್ಣ ತೂತು ಕೊರೆಯಬೇಕು. ಮೊಳೆ ಕಾಯಿಸಿ ಕೊರೆಯುವುದನ್ನು ದೊಡ್ಡವರೇ ಮಾಡಬೇಕು. ಮೂರು ದಾರ ಪೋಣಿಸಿ ಮೇಲೆ ಒಂದೇ ಗಂಟು ಹಾಕಿ. ಬಣ್ಣ ಬಳಿಯಲು ಮಕ್ಕಳು ಹಟ ಮಾಡಿದರೆ ಹೊರಮೈಗೆ ಮಾತ್ರ ಕೆಮ್ಮಣ್ಣು, ಸುಣ್ಣದಿಂದ ರಂಗೋಲಿಯ ಚುಕ್ಕಿ ಇಡಿಸಿ. ಕಾಳು ತಗಲುವ ಒಳಮೈಗೆ ಏನೂ ಬೇಡ.

ನೈಲಾನ್ ದಾರ, ಗಾಳಿಪಟದ ಮಾಂಜಾ ಮಾತ್ರ ಖಂಡಿತ ಬೇಡ. ಹಕ್ಕಿಯ ಕಾಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾರದು.

ಚಂದ್ರಿಕೆಯ ತೆನೆ ತೋರಣ

ಶಿಡ್ಲಘಟ್ಟವೆಂದರೆ ರೇಷ್ಮೆಗೂಡಿನ ಊರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಮುರಿದು ಮೂಲೆ ಸೇರಿರುವುದು ಇಲ್ಲಿ ಎಷ್ಟೋ ಮನೆಗಳಲ್ಲಿ ಉಂಟು. ಅದರ ಒಂದು ಮೊಳ ಅಗಲದ ತುಂಡು ಸಿಕ್ಕಿದರೆ ಸಾಕು. ಬಿದಿರಿನ ಪಟ್ಟಿಗಳ ನಡುವೆ ರಾಗಿ, ನವಣೆ, ಸಜ್ಜೆ ತೆನೆಗಳನ್ನು ಕಡ್ಡಿ ಸಮೇತ ಸಿಕ್ಕಿಸಿ ತೂಗುಬಿಟ್ಟರಾಯಿತು. ನಾಲ್ಕು ವರ್ಷದ ಕೈಗೂ ಸುಲಭವಾದ ಕೆಲಸ. ಗುಬ್ಬಿ ಪಟ್ಟಿಯ ಮೇಲೆ ಕುಳಿತು ತೆನೆ ಬಿಡಿಸಿ ತಿನ್ನುತ್ತದೆ.

ಒಂದು ಎಚ್ಚರಿಕೆ. ಹುಳುಮನೆಯ ಸಾಮಾನಿಗೆ ರೋಗ ಬರದಂತೆ ಔಷಧಿ ಹೊಡೆದಿರುತ್ತಾರೆ. ಆದ್ದರಿಂದ ಚೆನ್ನಾಗಿ ತೊಳೆದು ನಾಲ್ಕಾರು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಉಪಯೋಗಿಸಿ. ಈಗಲೂ ಹುಳು ಸಾಕುವ ಮನೆಯಾದರೆ ಬಟ್ಟಲು, ತೋರಣ ಎರಡನ್ನೂ ಹುಳುಮನೆಯಿಂದ ದೂರ ಕಟ್ಟಿ. ಹಕ್ಕಿಗೆ ರೇಷ್ಮೆಹುಳುವೂ ಊಟವೇ! ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟ ಮಾಡಿರುವ ನನ್ನ ಓರಗಿತ್ತಿ ಈಗಲೂ ಹಾಸ್ಯ ಮಾಡುತ್ತಾಳೆ, “ನೀನು ಕಾಳು ಹಾಕಿ ಕರೀತೀಯ, ನಾವು ಬಲೆ ಕಟ್ಟಿ ಓಡಿಸ್ತೀವಿ ಕಣಕ್ಕಾ.” ಅವಳದೂ ಸುಳ್ಳಲ್ಲ. ಬೆಳೆ ಕೈಗೆ ಬರುವ ಹೊತ್ತಿಗೆ ಹಣ್ಣು ಕುಕ್ಕಿಸಿಕೊಂಡವರಿಗೆ ಅದರ ಸಂಕಟ ಗೊತ್ತು. ನಮ್ಮ ಆದರ ಇನ್ನೊಬ್ಬರ ನಷ್ಟಕ್ಕೆ ಕಾರಣವಾಗಬಾರದಷ್ಟೆ.

ಗುಬ್ಬಿಯ ಅಡುಗೆ

ನವಣೆ ಎರಡು ಪಾವು, ರಾಗಿ ಒಂದು ಪಾವು, ನುಚ್ಚಕ್ಕಿ ಒಂದು ಪಾವು, ಸಜ್ಜೆ ಅರ್ಧ ಪಾವು. ಎಲ್ಲವನ್ನೂ ಬೆರೆಸಿ ಒಂದು ದಿನ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿಡಿ. ಒಗ್ಗರಣೆ ಇಲ್ಲ, ಉಪ್ಪಿಲ್ಲ, ಒಲೆ ಹಚ್ಚುವಂತಿಲ್ಲ, ಎಂಥ ಸುಲಭ ಅಡುಗೆ! ಒಂದು ಚಿಪ್ಪಿಗೆ ಬೆಳಿಗ್ಗೆ ಎರಡು ಚಮಚ ಸಾಕು. ಸಂಜೆಯೊಳಗೆ ಖಾಲಿಯಾಗುವಷ್ಟೇ ಹಾಕಬೇಕು. ಧಾರಾಳವಾಗಿ ಸುರಿದರೆ ಪಾರಿವಾಳಗಳ ಹಿಂಡು ಬಂದು ಗುಬ್ಬಿಯನ್ನು ಹತ್ತಿರ ಸೇರಿಸುವುದಿಲ್ಲ. ಅವುಗಳ ಹಿಕ್ಕೆಯ ಧೂಳು ಉಸಿರಾಟದ ತೊಂದರೆ ಇರುವವರಿಗೆ ಒಳ್ಳೆಯದೂ ಅಲ್ಲ.

ಉಪ್ಪು ಹಾಕಿದ ಅನ್ನ, ಖಾರದ ಮಿಕ್ಸ್ಚರ್, ಬಿಸ್ಕತ್ತು, ಬೂಷ್ಟು ಹಿಡಿದ ಕಡಲೆಕಾಯಿ ಬೀಜ – ಇವು ಯಾವುವೂ ಬೇಡ. ನಮಗೆ ಬೇಡವಾದದ್ದು ಹಕ್ಕಿಗೆ ಎಂಬ ಲೆಕ್ಕ ಸರಿಯಲ್ಲ.

ಆ ಐದನೆಯ ದಿನ

ಇಷ್ಟೆಲ್ಲ ಮಾಡಿದೆವಲ್ಲ, ಬಟ್ಟಲು ಕಟ್ಟುವ ಜಾಗದಲ್ಲಿ ನಾನು ತಪ್ಪಿದೆ. ಮರಿಗೆ ಕಾಣಲಿ, ಅವನೇ ಕಾಳು ಹಾಕಲಿ ಎಂದು ಹಿತ್ತಲ ಸೀಬೆ ಗಿಡದ ತಗ್ಗಿನ ಕೊಂಬೆಗೆ ಕಟ್ಟಿದೆ.

ಮೊದಲ ಎರಡು ದಿನ ಅಳಿಲು ಬಂತು, ಕಾಗೆ ಬಂತು. ಮೂರನೆಯ ದಿನ ಬೆಳಿಗ್ಗೆ ಒಂದು ಗುಬ್ಬಿ! ಕತ್ತಿನ ಕೆಳಗೆ ಕಪ್ಪು ಇರುವ ಗಂಡು. ಅದರ ಹಿಂದೆಯೇ ಬೂದುಗಂದು ಬಣ್ಣದ ಹೆಣ್ಣು. ಮಕ್ಕಳು ಅಡುಗೆಮನೆ ಕಿಟಕಿಯಲ್ಲಿ ಉಸಿರು ಬಿಗಿ ಹಿಡಿದು ನಿಂತಿದ್ದರು. ಅತ್ತೆ ಮೊಣಕಾಲು ನೋವನ್ನೂ ಮರೆತು ಎದ್ದು ಬಂದರು.

ಐದನೆಯ ದಿನ ಮಧ್ಯಾಹ್ನ ಮರಿ ಕಿರುಚಿದ್ದು ಕೇಳಿ ಓಡಿ ಹೋದೆ. ಪಕ್ಕದ ಓಣಿಯ ಬೆಕ್ಕು ಗೋಡೆಯಿಂದ ಕೊಂಬೆಗೆ ನೆಗೆದು ಹೆಣ್ಣು ಗುಬ್ಬಿಯನ್ನು ಕಚ್ಚಿಕೊಂಡು ಹೋಗಿತ್ತು. ನೆಲದ ಮೇಲೆ ನಾಲ್ಕು ಗರಿ, ಚೆಲ್ಲಿದ ನವಣೆ.

ಮರಿ ಅತ್ತು ಅತ್ತು ನಿದ್ದೆ ಹೋಯಿತು. ಪುಟ್ಟಿ ಅಳಲಿಲ್ಲ. ರಾತ್ರಿ ನನ್ನ ಪಕ್ಕ ಮಲಗಿಕೊಂಡು ಮೆಲ್ಲಗೆ ಅಂದಳು, “ದೊಡ್ಡಮ್ಮ, ಅದರ ಪಾಡಿಗೆ ಅದು ಎಲ್ಲೋ ಇತ್ತು. ನಾವೇ ಊಟಕ್ಕೆ ಕರೆದು ಸಾಯಿಸಿದ್ವಿ ಅಲ್ವಾ?”

ಇಪ್ಪತ್ತು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಆ ಮಾತಿಗೆ ಏನು ಹೇಳಬೇಕೋ ತಿಳಿಯಲಿಲ್ಲ. “ಇಲ್ಲಮ್ಮ, ಹಾಗಲ್ಲ” ಎಂದು ಸುಳ್ಳು ಹೇಳಲೂ ಮನಸ್ಸು ಬರಲಿಲ್ಲ. ಕೊಂಬೆ ತಗ್ಗಾಗಿತ್ತು, ಕಟ್ಟಿದವಳು ನಾನೇ. “ಹೌದು ಪುಟ್ಟಿ, ತಪ್ಪಾಯ್ತು. ತಪ್ಪು ನಿನ್ನದಲ್ಲ, ನನ್ನದು” ಎಂದೆ.

ಬೆಳಿಗ್ಗೆ ಎದ್ದು ಬಟ್ಟಲು ಬಿಚ್ಚಿ ಎಸೆದುಬಿಡೋಣ, ಈ ಸಹವಾಸವೇ ಬೇಡ ಎಂದುಕೊಂಡೆ. ಕುಡುಗೋಲು ಹಿಡಿದು ಹಿತ್ತಲಿಗೆ ಹೋದರೆ ಅತ್ತೆ ಆಗಲೇ ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ, ಕೈಯಲ್ಲಿ ಊರುಗೋಲು. ಎದುರಿಗೆ ಗಂಡು ಗುಬ್ಬಿ ಒಂದೇ ಕುಳಿತು ಕಾಳು ಹೆಕ್ಕುತ್ತಿದೆ. “ಬಿಚ್ಚಬೇಡ ಕಣೆ. ಅನ್ನ ಇಕ್ಕೋರು ಬಾಗಿಲನ್ನೂ ಕಾಯಬೇಕು. ಎತ್ತರಕ್ಕೆ ಕಟ್ಟು” ಎಂದರು.

ಸಲೀಂ ಅಲಿಯವರ ಹೆಸರನ್ನು ನೀವು ಕೇಳಿರಬಹುದು. ಹುಡುಗನಾಗಿದ್ದಾಗ ಆಟದ ಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದರಂತೆ. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು ಇದು ಯಾವ ಜಾತಿ ಎಂದು ತಿಳಿಯಲು 1908ರಲ್ಲಿ ಬೊಂಬಾಯಿಯ ನಿಸರ್ಗ ಚರಿತ್ರೆ ಸಂಘಕ್ಕೆ ಹೋದರು. ಅಲ್ಲಿಂದ ಶುರುವಾದ ಹಕ್ಕಿಯ ಹುಚ್ಚು ಅವರನ್ನು ದೇಶದ ದೊಡ್ಡ ಪಕ್ಷಿತಜ್ಞರನ್ನಾಗಿ ಮಾಡಿತು. ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ 1939-40ರಲ್ಲಿ ಅವರೇ ನಡೆಸಿದರು. ಈ ಕಥೆಯನ್ನು ಪುಟ್ಟಿಗೆ ಹೇಳಿದೆ. ಎಲ್ಲ ಕೇಳಿ, “ಹಾಗಾದ್ರೆ ನಾವೂ ಸರಿಯಾಗಿ ಕಲೀಬೇಕು” ಎಂದಳು.

ಬಾವುಟದ ಹಾಗೆ ಏರಿಸಿದೆವು

ನಮ್ಮ ಯಜಮಾನರು ಹಿತ್ತಲ ನಡುವೆ ಎರಡು ಕಂಬ ನೆಟ್ಟು ತಂತಿ ಎಳೆದರು. ನೆಲದಿಂದ ಏಳು ಅಡಿ ಎತ್ತರ. ಗೋಡೆಯಿಂದಲೂ ಕೊಂಬೆಯಿಂದಲೂ ಆರು ಅಡಿಯಾದರೂ ದೂರ. ಬೆಕ್ಕು ನೆಗೆದರೂ ಸಿಕ್ಕದು. ಕೆಳಗೆ ಪೊದೆ ಇರಬಾರದು, ಬೆಕ್ಕು ಅಡಗಿ ಕೂರುತ್ತದೆ. ಆದರೆ ಹತ್ತು ಹನ್ನೆರಡು ಅಡಿ ಆಚೆ ಒಂದು ದಾಸವಾಳವೋ ಕರಿಬೇವೋ ಇದ್ದರೆ ಗುಬ್ಬಿ ಹೆದರಿದಾಗ ಹಾರಿ ಕೂರಲು ಆಸರೆ.

ಅಷ್ಟು ಎತ್ತರಕ್ಕೆ ಮಕ್ಕಳು ಕಾಳು ಹಾಕುವುದು ಹೇಗೆ? ತಂತಿಗೆ ಒಂದು ಬಳೆ ಕಟ್ಟಿ ಅದರೊಳಗೆ ಹಗ್ಗ ತೂರಿಸಿದೆವು. ಹಗ್ಗ ಸಡಿಲ ಬಿಟ್ಟರೆ ಬಟ್ಟಲು ಇಳಿಯುತ್ತದೆ, ಎಳೆದು ಕಂಬಕ್ಕೆ ಸುತ್ತಿದರೆ ಏರುತ್ತದೆ. ವಿದುರಾಶ್ವತ್ಥಕ್ಕೆ ಹೋಗಿ 1938ರ ಧ್ವಜ ಸತ್ಯಾಗ್ರಹದ ಜಾಗ ನೋಡಿ ಬಂದಿದ್ದ ಪುಟ್ಟಿ, “ಬಾವುಟ ಏರಿಸೋ ಹಾಗೇ ಐತೆ” ಎಂದು ಕುಣಿದಳು. ಅಂದಿನಿಂದ ದಿನಾ ಬೆಳಿಗ್ಗೆ ಬಟ್ಟಲು ಏರಿಸಿ ಮರಿ ಒಂದು ಸೆಲ್ಯೂಟ್ ಹೊಡೆಯಲೇಬೇಕು!

ಕಾಳಿಗಿಂತ ನೀರು ಮೊದಲು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಪಿನಾಕಿನಿ, ಚಿತ್ರಾವತಿಯಂಥ ನದಿಗಳು ನಂದಿಬೆಟ್ಟದ ಸುತ್ತಿನಲ್ಲಿ ಹುಟ್ಟುತ್ತವೆ ಎಂಬುದು ಹೆಮ್ಮೆಯೇ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಹೆಚ್ಚಿನ ಕಡೆ ಬರೀ ಮರಳು. ಆ ದಿನಗಳಲ್ಲಿ ಹಕ್ಕಿಗೆ ಕಾಳಿಗಿಂತ ನೀರು ಮುಖ್ಯ.

ಅಗಲ ಬಾಯಿಯ, ಎರಡು ಅಂಗುಲಕ್ಕಿಂತ ಆಳವಿಲ್ಲದ ಮಣ್ಣಿನ ತಟ್ಟೆ ತನ್ನಿ. ನಡುವೆ ಎರಡು ಕಲ್ಲು ಇಡಿ, ಹಕ್ಕಿ ಅದರ ಮೇಲೆ ನಿಂತು ಕುಡಿಯುತ್ತದೆ. ನೆರಳಿನಲ್ಲಿ, ಎತ್ತರದ ಕಟ್ಟೆಯ ಮೇಲೆ, ಬೆಕ್ಕಿಗೆ ಮರೆ ಸಿಗದ ಕಡೆ ಇರಲಿ. ದಿನವೂ ಹಳೆಯ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬಬೇಕು. ಹಾಗೇ ಬಿಟ್ಟರೆ ಡೆಂಗೀ ಸೊಳ್ಳೆ ಮೊಟ್ಟೆ ಇಡುತ್ತದೆ. ಪುಣ್ಯ ಮಾಡಲು ಹೋಗಿ ಮನೆಗೆ ಜ್ವರ ತಂದುಕೊಳ್ಳಬಾರದಲ್ಲ!

ಪಕ್ಕದಲ್ಲೇ ಹಳೆಯ ತಟ್ಟೆಯಲ್ಲಿ ಜರಡಿ ಹಿಡಿದ ಒಣ ಮಣ್ಣು ಇಟ್ಟು ನೋಡಿ. ಗುಬ್ಬಿ ಅದರಲ್ಲಿ ಹೊರಳಾಡಿ ಮಣ್ಣಿನ ಸ್ನಾನ ಮಾಡುತ್ತದೆ. ಅದನ್ನು ನೋಡಿದ ದಿನ ಮರಿ, ತನಗೂ ನೀರಿನ ಸ್ನಾನ ಬೇಡ, ಮಣ್ಣಿನದೇ ಬೇಕು ಎಂದು ಹಟ ಹಿಡಿದಿತ್ತು!

ತಾಯಂದಿರಿಗೆ ನಾಲ್ಕು ಮಾತು

ವಾರಕ್ಕೊಮ್ಮೆ ಚಿಪ್ಪನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಹಳೆಯ ಕಾಳು, ಹಿಕ್ಕೆ ಸೇರಿದರೆ ಹಕ್ಕಿಗಳಿಗೆ ರೋಗ ಹರಡುತ್ತದೆ. ಮಳೆಯಲ್ಲಿ ನೆಂದ ಕಾಳು ಮೊಳಕೆ ಬಂದಿರಲಿ, ಬೂಷ್ಟು ಬಂದಿರಲಿ, ಚೆಲ್ಲಿಬಿಡಿ.

ಬಟ್ಟಲು ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಬೇಕು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಿಸಬೇಡಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ಕಡೆ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅಂಥ ಸುದ್ದಿ ಬಂದಾಗ ಬಟ್ಟಲನ್ನು ತೊಳೆದು ಒಳಗಿಟ್ಟು, ಅಧಿಕಾರಿಗಳು ಸರಿಹೋಯಿತೆಂದ ಮೇಲೆ ಮತ್ತೆ ಕಟ್ಟುವುದು ಒಳ್ಳೆಯದು.

ಇನ್ನೊಂದು ಸಂಗತಿ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ನಿಜ. ಹೊಸದಾಗಿ ಹುಟ್ಟಿದ ಮರಿಗಳಿಗೆ ಅದು ಉಣಿಸುವುದು ಹೆಚ್ಚಾಗಿ ಹುಳುಹುಪ್ಪಟೆ. ಆದ್ದರಿಂದ ಹಿತ್ತಲಲ್ಲಿ ಒಂದು ಅವರೆ ಚಪ್ಪರ, ಒಂದೆರಡು ದಾಸವಾಳ ಔಷಧಿ ಕಾಣದೆ ಬೆಳೆಯಲಿ. ಎಲೆಯಲ್ಲಿ ನಾಲ್ಕು ತೂತು ಬಿದ್ದರೆ ಬೀಳಲಿ ಬಿಡಿ.

ಕೆಲಸವನ್ನು ವಯಸ್ಸಿಗೆ ತಕ್ಕಂತೆ ಹಂಚಿ. ನಮ್ಮಲ್ಲಿ ಕಾಳು ಅಳೆಯುವುದು ಮರಿಯ ಪಾಲು, ನೀರು ಬದಲಿಸುವುದು ಪುಟ್ಟಿಯ ಪಾಲು, ಬೆಕ್ಕು ಕಾಯುವುದು ಅತ್ತೆಯ ಪಾಲು. ಕ್ಯಾಲೆಂಡರಿನಲ್ಲಿ ದಿನಾ ಒಂದು ಗುರುತು. ನೀರು ಹಾಕಲು ಮರೆತ ದಿನ ಗದರಿಸಬೇಡಿ, ಒಣಗಿದ ತಟ್ಟೆಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ದೊಡ್ಡ ಮಾತು ನನಗೆ ಬರುವುದಿಲ್ಲ. ಇಷ್ಟು ಮಾತ್ರ ಕಂಡುಕೊಂಡೆ: ಬಟ್ಟಲು ಮಾಡುವುದು ಒಂದು ಮಧ್ಯಾಹ್ನದ ಆಟ, ಅದನ್ನು ನಡೆಸಿಕೊಂಡು ಹೋಗುವುದೇ ಮಕ್ಕಳು ಕಲಿಯುವ ಪಾಠ. ದೊಡ್ಡವರಾದ ನಾವೂ ಅಷ್ಟೇ.

ರಜ ಮುಗಿದು ಹೊರಡುವ ದಿನ ಪುಟ್ಟಿ ಬಸ್ಸು ಹತ್ತಲು ಒಪ್ಪಲಿಲ್ಲ. “ನಾನು ಹೋದ್ರೆ ನೀರು ಯಾರು ಹಾಕ್ತಾರೆ?” ಅತ್ತೆ ತಾವು ಹಾಕುವುದಾಗಿ ಮಾತು ಕೊಟ್ಟ ಮೇಲೆಯೇ ಸಮಾಧಾನ. ಜೊತೆಗೆ ಒಂದು ಚಿಪ್ಪು, ಒಂದು ಡಬ್ಬಿ ಕಾಳು ಕಟ್ಟಿಸಿಕೊಂಡು ಹೋದಳು. ಚಿಂತಾಮಣಿಯಲ್ಲಿ ಅವರದು ಮಹಡಿ ಮನೆ, ಹಿತ್ತಲಿಲ್ಲ. ತಂಗಿ ಬಾಲ್ಕನಿಯ ಕಂಬಿಗೆ ಕಟ್ಟಿಕೊಟ್ಟಳು. ಒಂದು ತಿಂಗಳು ಯಾರೂ ಬರಲಿಲ್ಲವಂತೆ. ದಿನಾ ಕಾಳು ಬದಲಿಸಿ ಬದಲಿಸಿ ತಂಗಿಗೆ ಬೇಸರ ಬಂದರೂ ಪುಟ್ಟಿ ಬಿಡಲಿಲ್ಲ. ಕೊನೆಗೆ ಬಂದದ್ದು ಗುಬ್ಬಿಯಲ್ಲ, ಒಂದು ಜೋಡಿ ಗೊರವಂಕ. ಅದಕ್ಕೂ ಸಂತೋಷವೇ.

ನಮ್ಮ ಹಿತ್ತಲಿಗೆ ಈಗ ಏಳೆಂಟು ಗುಬ್ಬಿ ಬರುತ್ತವೆ. ಆ ಒಂಟಿ ಗಂಡು ಅವುಗಳಲ್ಲಿ ಇದೆಯೋ ಇಲ್ಲವೋ, ನೋಡಿ ಹೇಳುವಷ್ಟು ನನಗೆ ತಿಳಿಯದು. ಭಾನುವಾರ ಭಾನುವಾರ ಪುಟ್ಟಿಯ ಫೋನು ಬರುತ್ತದೆ. ಚೆನ್ನಾಗಿದ್ದೀಯಾ ದೊಡ್ಡಮ್ಮ ಎಂದು ಕೇಳುವುದಕ್ಕೂ ಮೊದಲು ಅವಳು ಕೇಳುವುದು ಒಂದೇ ಮಾತು – “ಬೆಕ್ಕು ಬಂದಿತ್ತಾ?”

“ಇಲ್ಲ ಕಣಮ್ಮ, ಅಜ್ಜಿ ಕಾಯ್ತಾ ಇದ್ದಾರೆ” ಎನ್ನುತ್ತೇನೆ. ಆಮೇಲೆ ಎದ್ದು ಹೋಗಿ ಒಮ್ಮೆ ಹಿತ್ತಲು ನೋಡಿ ಬರುತ್ತೇನೆ.